ಸುರಂಗದ ನೀರು, ಗುರುವಾರದ ಕರೆ

ಅಮೆರಿಕದ ವಿಶ್ವವಿದ್ಯಾಲಯವೊಂದರ ಅರ್ಜಿಯ ನಾಲ್ಕನೇ ಖಾನೆಯಲ್ಲಿ ಎರಡು ಪ್ರಶ್ನೆ ಇತ್ತು. ನಿಮ್ಮ ಊರಿನ ಸಮಸ್ಯೆ ಏನು? ವಿದ್ಯಾರ್ಥಿಗಳಿಂದ ನಿಮಗೆ ಯಾವ ಸೇವೆ ಬೇಕು? ಕೆಳಗೆ ಐದು ಗೆರೆಯಷ್ಟು ಜಾಗ. ಮೂರು ದಿನ ನಾನು ಅದನ್ನು ಖಾಲಿ ಬಿಟ್ಟಿದ್ದೆ.

ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವನು. ಪೆರ್ಲ ಪೇಟೆಯಿಂದ ಒಳಗೆ, ಗುಡ್ಡ ಮತ್ತು ಅಡಿಕೆ ತೋಟದ ನಡುವೆ ನಮ್ಮ ಊರು. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಸಂಜೆ ಊರಿನ ಗ್ರಂಥಾಲಯದ ಕೆಲಸ. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ ಶುರುಮಾಡಿದ ಗ್ರಂಥಶಾಲಾ ಸಂಘದಿಂದ ಬೆಳೆದ ದೊಡ್ಡ ಚಳವಳಿಯೇ ಇದೆ. 1956ರಲ್ಲಿ ಕೇರಳಕ್ಕೆ ಸೇರಿದ ನಮಗೂ ಅದರ ಫಲ ಸಿಕ್ಕಿದೆ. ನಮ್ಮದು ಎರಡು ಕೋಣೆಯ ಕಟ್ಟಡ. ಒಂದರಲ್ಲಿ ಕನ್ನಡ ಪುಸ್ತಕ, ಇನ್ನೊಂದರಲ್ಲಿ ಮಲಯಾಳ ಪುಸ್ತಕ ಮತ್ತು ಒಂದು ಹಳೆಯ ಕಂಪ್ಯೂಟರ್. ಮಕ್ಕಳಿಗೆಂದು ಬಾಲವೇದಿ ಉಂಟು.

ನಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಈಗ ಅಮೆರಿಕದ ಪೂರ್ವ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. 2023ರ ಜೂನಿನಲ್ಲಿ ಅವನದೇ ಫೋನ್ ಬಂತು. "ಮಾಷ್ಟ್ರೇ, ಇಲ್ಲಿ ಆನ್‌ಲೈನ್ ಸರ್ವಿಸ್ ಲರ್ನಿಂಗ್ ಅಂತ ಒಂದು ಕೋರ್ಸ್ ಉಂಟು. ಬೇರೆ ದೇಶದ ಊರಿನವರ ಜೊತೆ ಸೇರಿ ಮಕ್ಕಳು ಕೆಲಸ ಮಾಡ್ತಾರೆ. ನಮ್ಮ ಗ್ರಂಥಾಲಯದ ಹೆಸರು ಕೊಡಲಾ?"

ಸೇವೆ ಮಾಡುತ್ತಾ ಕಲಿಯುವುದು, ಕಲಿತದ್ದಕ್ಕೆ ಅಂಕ ಪಡೆಯುವುದು. ಸರ್ವಿಸ್ ಲರ್ನಿಂಗ್ ಅಂದರೆ ಅಷ್ಟೇ. ಈ ಹೆಸರು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಮೊದಲು ವಿದ್ಯಾರ್ಥಿಗಳು ಊರಿಗೇ ಹೋಗುತ್ತಿದ್ದರು. 2020ರಲ್ಲಿ ಕೊರೊನಾ ಬಂದು ಪ್ರಯಾಣವೆಲ್ಲ ನಿಂತಾಗ ಎಷ್ಟೋ ವಿಶ್ವವಿದ್ಯಾಲಯಗಳು ಇದನ್ನು ಪರದೆಯ ಮೇಲೆ ತಂದವು. ವಿಮಾನ ಮತ್ತೆ ಹಾರಲು ಶುರುವಾದ ಮೇಲೂ ಕೆಲವರು ಅದನ್ನು ಬಿಡಲಿಲ್ಲ.

ನಾಲ್ಕನೇ ಖಾನೆಯಲ್ಲಿ ಕೊನೆಗೆ ಒಂದೇ ಮಾತು ಬರೆದೆ: ‘ಬೇಸಿಗೆಯಲ್ಲಿ ಸುರಂಗಗಳ ನೀರು ಕಡಿಮೆಯಾಗುತ್ತಿದೆ.’

ಘಟ್ಟದ ಕೆಳಗಿನವರಿಗೆ ಸುರಂಗ ಗೊತ್ತು. ಬೇರೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡ. ಮಳೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಸುರಿಯುತ್ತದೆ. ಆದರೆ ಇಳಿಜಾರು ಜಾಸ್ತಿ, ನೀರು ಹರಿದು ಕಡಲಿಗೆ ಹೋಗುತ್ತದೆ. ಅದಕ್ಕೆ ಹಿರಿಯರು ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದರು. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಒಳಗಿನ ಮುರದಿಂದ ಒಸರುವ ನೀರು ನೆಲದ ಸಣ್ಣ ಕಣಿಯಲ್ಲಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯರು, ಪಡ್ರೆ, ಶೇಣಿ ಕಡೆ ಒಂದೇ ಮನೆಗೆ ಎರಡು ಮೂರು ಸುರಂಗ ಇರುವುದೂ ಉಂಟು. ಪೆರ್ಲದಿಂದ ಹೆಚ್ಚು ದೂರವಿಲ್ಲದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಮಕ್ಕಳು ಗ್ರಂಥಾಲಯದ ಗೋಡೆಗೆ ಅವರ ಚಿತ್ರ ಅಂಟಿಸಿದ್ದರು.

2023ರ ಜುಲೈಯಲ್ಲಿ ಹೊಯ್ದ ಮಳೆ ಆಗಸ್ಟಿನಲ್ಲಿ ಕೈಕೊಟ್ಟಿತು. 2023ರ ಆಗಸ್ಟ್ ದೇಶದಲ್ಲೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಹೊರಗೆ ಸುಡು ಬಿಸಿಲು ಇರುವಾಗಲೇ ನಮ್ಮ ಮೊದಲ ಕರೆ ನಡೆಯಿತು. ಗುರುವಾರ ಸಂಜೆ ಏಳೂವರೆ. ಅವರಿಗೆ ಅದೇ ದಿನ ಬೆಳಗ್ಗೆ ಹತ್ತು ಗಂಟೆ.

ಪರದೆಯಲ್ಲಿ ಆರು ವಿದ್ಯಾರ್ಥಿಗಳು, ಒಬ್ಬರು ಅಧ್ಯಾಪಿಕೆ. ಈ ಕಡೆ ನಾನು, ಬಾಲವೇದಿಯ ಒಂಬತ್ತು ಮಕ್ಕಳು, ಕೇರಳದ ಮಹಿಳಾ ಸ್ವಸಹಾಯ ಸಂಘ ಕುಟುಂಬಶ್ರೀಯ ಇಬ್ಬರು ಅಕ್ಕಂದಿರು. ಅವರು ತಯಾರಿ ಮಾಡಿಕೊಂಡೇ ಬಂದಿದ್ದರು. ಸುರಂಗದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ವೆಬ್‌ಸೈಟ್ ಮಾಡುವುದು ಅವರ ಯೋಜನೆ. ಅದರ ಜೊತೆ ಇನ್ನೊಂದು ಕೋರಿಕೆ. ನಮ್ಮ ಪಂಚಾಯತಿನ ಹೆಸರು ಹುಡುಕಿದಾಗ ಅವರಿಗೆ ಮೊದಲು ಸಿಕ್ಕಿದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರು ತೋಟಗಳಿಗೆ ಎರಡು ದಶಕಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ ಕಥೆ. 2000ದಲ್ಲಿ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ವಿಷವನ್ನು ನಿಷೇಧಿಸಿತು. ಆ ವಿಷದಿಂದ ನರಳುವ ಮನೆಗಳ ಮಕ್ಕಳ ಜೊತೆ ವೀಡಿಯೊ ಕರೆಯಲ್ಲಿ ಮಾತಾಡಬಹುದಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದ.

ಕುಟುಂಬಶ್ರೀಯ ಅಕ್ಕ ನನ್ನ ಮುಖ ನೋಡಿದರು. ಅವರ ತಮ್ಮನ ಮಗ ಹಾಸಿಗೆಯಲ್ಲೇ ಇದ್ದಾನೆ. "ಆ ಮಕ್ಕಳ ಫೋಟೋ ತೆಗೆದದ್ದು ಸಾಕು ಮಾಷ್ಟ್ರೇ. ಬೇಡ ಅಂತ ಹೇಳಿ," ಅಂದರು. ನಾನು ಹಾಗೆಯೇ ಹೇಳಿದೆ. ಆ ಹುಡುಗ ತಕ್ಷಣ ಕ್ಷಮೆ ಕೇಳಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹೊರಗಿನವರು ನಮ್ಮನ್ನು ನೋಡುವ ಕಿಟಕಿ ಅದೊಂದೇ ಆಗಬಾರದು. ಇದನ್ನು ಹೇಳಬೇಕಾದವರು ನಾವೇ ಅಲ್ವಾ?

ಇನ್ನು ವೆಬ್‌ಸೈಟ್. ಇಂಗ್ಲಿಷಿನ ವೆಬ್‌ಸೈಟಿನಿಂದ ನಮ್ಮ ಊರಿನ ಯಾರ ಟ್ಯಾಂಕಿಗೂ ಒಂದು ಕೊಡ ನೀರು ಬರುವುದಿಲ್ಲ. ಆದರೆ ಅಷ್ಟು ದೂರದಿಂದ ಪ್ರೀತಿಯಿಂದ ಬಂದವರಿಗೆ ಬೇಡ ಅನ್ನುವುದು ಹೇಗೆ? ನನ್ನ ಸಂಕೋಚ ಅವರ ಅಧ್ಯಾಪಿಕೆಗೆ ಗೊತ್ತಾಯಿತು. ಅವರು ಒಂದು ಮಾತು ನೆನಪಿಸಿದರು. ಈ ಪದ್ಧತಿಯ ಮೊದಲಿಗರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಮೂರು ಸೂತ್ರ ಬರೆದಿದ್ದರಂತೆ. ಮೊದಲನೆಯದು: ಯಾವ ಸೇವೆ, ಹೇಗೆ ಅನ್ನುವುದರ ಹಿಡಿತ ಸೇವೆ ಪಡೆಯುವವರ ಕೈಯಲ್ಲಿರಬೇಕು. ಎರಡನೆಯದು: ಆ ಸೇವೆಯಿಂದ ಅವರು ತಮ್ಮ ಕಾಲ ಮೇಲೆ ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕು. ಮೂರನೆಯದು: ಸೇವೆ ಮಾಡುವವರೂ ಕಲಿಯುವವರೇ, ಏನು ಕಲಿಯಬೇಕು ಎಂಬುದರಲ್ಲಿ ಅವರ ಮಾತೂ ನಡೆಯಬೇಕು. "ಹಾಗಾಗಿ ನೀವು ಹೇಳಿ. ನಾವು ಕಾಯುತ್ತೇವೆ," ಅಂದರು.

ನಾವು ಒಂದು ವಾರ ತೆಗೆದುಕೊಂಡೆವು. ಭಾನುವಾರ ಗ್ರಂಥಾಲಯದ ಜಗಲಿಯಲ್ಲಿ ಇಪ್ಪತ್ತು ಜನ ಸೇರಿದರು. ಸುರಂಗ ತೋಡುವ ಅಜ್ಜನೂ ಬಂದರು. ಎಂಬತ್ತು ದಾಟಿದೆ. ಹದಿನೈದನೇ ವರ್ಷದಿಂದ ಪಿಕ್ಕಾಸು ಹಿಡಿದವರು, ಈಗ ಮಂಡಿ ಮಡಚುವುದಿಲ್ಲ. ಮಾತು ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ ಓಡಾಡಿ ಒಂದು ಕಡೆ ಬಂದು ನಿಂತಿತು. ನಮ್ಮ ಊರಿನಲ್ಲಿ ಎಷ್ಟು ಸುರಂಗ ಇದೆ ಎಂದು ಯಾರಿಗೂ ಗೊತ್ತಿಲ್ಲ. ಯಾವುದು ಯಾವ ತಿಂಗಳಲ್ಲಿ ಇಳಿಯುತ್ತದೆ ಎಂಬುದು ಆಯಾ ಮನೆಯವರ ತಲೆಯಲ್ಲಿ ಮಾತ್ರ ಇದೆ. ನೀರು ಕಡಿಮೆಯಾದ ಕೂಡಲೇ ಜನ ಬೋರ್‌ವೆಲ್ಲಿಗೆ ಓಡುತ್ತಾರೆ. ನಮಗೆ ಬೇಕಾದದ್ದು ಒಂದು ಲೆಕ್ಕದ ಪುಸ್ತಕ. ಕನ್ನಡದಲ್ಲಿ.

ಮುಂದಿನ ಗುರುವಾರ ಅದನ್ನೇ ಹೇಳಿದೆ. ಅಳೆಯುವುದು ನಮ್ಮ ಮಕ್ಕಳು. ಫೋನಿನಲ್ಲಿ ತುಂಬಿಸುವ ಕನ್ನಡ ಫಾರಂ ಮಾಡುವುದು, ಬಂದ ಅಂಕಿಗಳನ್ನು ಪರೀಕ್ಷಿಸುವುದು, ಪ್ರತಿ ತಿಂಗಳ ಚಿತ್ರ ಬರೆಯುವುದು ಅವರು. ವೆಬ್‌ಸೈಟಿಗೆಂದು ಎರಡು ವಾರ ಕೆಲಸ ಮಾಡಿದ್ದ ಹುಡುಗನಿಗೆ ಬೇಸರವಾದದ್ದು ಮುಖದಲ್ಲಿ ಕಾಣುತ್ತಿತ್ತು. ಆದರೂ ಫಾರಂ ಮಾಡಿಕೊಟ್ಟದ್ದು ಅವನೇ. ಕನ್ನಡ ಅಕ್ಷರದ ಒತ್ತುಗಳು ಒಡೆದು ಕಾಣುತ್ತಿದ್ದವು, ರಾತ್ರಿ ಕೂತು ಸರಿಮಾಡಿದ.

ಅವರು ಕಳಿಸಿದ ಮೊದಲ ಫಾರಂನಲ್ಲಿ ಆರು ಖಾನೆ. ಸುರಂಗದ ಉದ್ದ, ತೋಡಿದ ವರ್ಷ, ಬಕೆಟ್ ತುಂಬುವ ಹೊತ್ತು, ನೀರು ಇಳಿಯುವ ತಿಂಗಳು, ಹತ್ತಿರದ ಬೋರ್‌ವೆಲ್ ಎಷ್ಟು ದೂರ, ಮನೆ ಎಲ್ಲಿ. ಅಜ್ಜನಿಗೆ ಓದಿ ಹೇಳಿದೆ. ಕೇಳಿ ಸುಮ್ಮನಿದ್ದರು. ಆಮೇಲೆ, "ತೋಡಿದ್ದು ಯಾರು ಅಂತ ಇಲ್ವಲ್ಲ?" ಅಂದರು. ನಮ್ಮ ಯಾರಿಗೂ ಅದು ಹೊಳೆದಿರಲಿಲ್ಲ. ಸುರಂಗ ಮನೆಯ ಯಜಮಾನನ ಹೆಸರಿನಲ್ಲಿರುತ್ತದೆ. ಉಸಿರು ಕಟ್ಟಿ ಒಳಗೆ ಕೂತು ಕಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಏಳನೇ ಖಾನೆ ಹೀಗೆ ಬಂತು.

ಒಪ್ಪಿಗೆ ಪತ್ರದ ಕೆಲಸಕ್ಕೆ ಮೂರು ವಾರ ಹೋಯಿತು. ಅವರು ಕಳಿಸಿದ್ದು ಎರಡು ಪುಟದ ಇಂಗ್ಲಿಷ್. ನಾವು ಅದನ್ನು ಆರು ಸಾಲಿನ ಕನ್ನಡಕ್ಕೆ ಇಳಿಸಿದೆವು. ಓದಲು ಬಾರದವರಿಗೆ ತುಳುವಿನಲ್ಲಿ ಹೇಳಿ ಅವರ ಉತ್ತರವನ್ನು ಫೋನಿನಲ್ಲಿ ದಾಖಲಿಸಿಕೊಂಡೆವು. ಎರಡು ಮನೆಯವರು ಲೆಕ್ಕಕ್ಕೆ ಆಗಬಹುದು, ನಕ್ಷೆಯಲ್ಲಿ ಬೇಡ ಅಂದರು. ಅವರ ಚುಕ್ಕಿ ನಕ್ಷೆಯಲ್ಲಿ ಇಲ್ಲ.

ಅಕ್ಟೋಬರಿನಲ್ಲಿ ಅಳತೆ ಶುರುವಾಯಿತು. ಹತ್ತು ಲೀಟರಿನ ಬಕೆಟ್, ಫೋನಿನ ಗಡಿಯಾರ. ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಮೂರು ಸಲ ನೋಡಿ ನಡುವಿನ ಅಂಕಿ ಬರೆಯುವುದು. 50 ಸೆಕೆಂಡಿಗೆ ಒಂದು ಬಕೆಟ್ ಅಂದರೆ ದಿನಕ್ಕೆ 17,280 ಲೀಟರ್. ತರಗತಿಯಲ್ಲಿ ಗುಣಾಕಾರಕ್ಕೆ ಆಕಳಿಸುವ ಮಕ್ಕಳು ಬಕೆಟಿನ ಪಕ್ಕ ನಿಂತು ಬಾಯಲ್ಲೇ ಲೆಕ್ಕ ಹಾಕುವುದನ್ನು ನೋಡಿದೆ. ಗಣಿತದ ಮಾಷ್ಟ್ರಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಉದ್ದದ ವಿಷಯದಲ್ಲಿ ಗೊಂದಲವಾಯಿತು. ನಮ್ಮಲ್ಲಿ ಸುರಂಗದ ಉದ್ದ ಹೇಳುವುದು ಕೋಲಿನಲ್ಲಿ. ಅಜ್ಜ ತೋಡಿದ ಅತಿ ಉದ್ದದ ಸುರಂಗ 110 ಕೋಲು. ಅಲ್ಲಿಯ ಪಟ್ಟಿಯಲ್ಲಿ ಅದು 110 ಮೀಟರ್ ಆಗಿಬಿಟ್ಟಿತ್ತು. ಅಜ್ಜನ ಮನೆಗೆ ಹೋಗಿ ಅಟ್ಟದಿಂದ ಕೋಲು ಇಳಿಸಿದೆವು. ಕೈ ಹಿಡಿದ ಕಡೆ ಕಪ್ಪಗೆ ನಯವಾಗಿತ್ತು. ಟೇಪು ಹಿಡಿದರೆ 74 ಸೆಂಟಿಮೀಟರ್. 110 ಕೋಲು ಅಂದರೆ 81 ಮೀಟರಿಗೆ ಸ್ವಲ್ಪ ಜಾಸ್ತಿ. ಎಲ್ಲ ಅಂಕಿಗಳನ್ನೂ ತಿದ್ದಿದೆವು.

ಒಳಗಿನಿಂದ ನೇರವಾಗಿ ತೋರಿಸಬೇಕು ಎಂದು ಮಕ್ಕಳಿಗೆ ಆಸೆ. ಹತ್ತು ಹೆಜ್ಜೆ ಇಟ್ಟರೆ ರೇಂಜ್ ಹೋಗುತ್ತಿತ್ತು. ಕೊನೆಗೆ ವೀಡಿಯೊ ಮಾಡಿ ಕಳಿಸಿದೆವು. ನಾನೇ ಒಳಗೆ ಹೋದದ್ದು, ಅಜ್ಜ ಹೇಳಿದ ಹಾಗೆ ಕೈಯಲ್ಲಿ ಮೇಣದ ಬತ್ತಿ ಹಿಡಿದು. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು, ಆರುವ ಮೊದಲೇ ತಿರುಗಬೇಕು. ಎರಡೂ ಬದಿಯ ಮುರದಲ್ಲಿ ಪಿಕ್ಕಾಸಿನ ಗುರುತುಗಳು ಮೀನಿನ ಸಿಪ್ಪೆಯ ಹಾಗೆ ಸಾಲಾಗಿ ಕಾಣುತ್ತಿದ್ದವು. ಕಾಲಡಿ ತಣ್ಣಗಿನ ನೀರು, ತಲೆಯ ಮೇಲೆ ಬಾವಲಿ. ತುದಿಯಲ್ಲಿ ಕಲ್ಲಿನ ಸಣ್ಣ ಸಣ್ಣ ತೂತುಗಳಿಂದ ಹನಿ ಹೊರಟು, ಒಂದು ಕ್ಷಣ ನಿಂತು, ಬೀಳುತ್ತಿತ್ತು. ಫೋನಿನಲ್ಲಿ ಚಿತ್ರ ಸರಿ ಬರಲಿಲ್ಲ. ಆದರೆ ಸದ್ದು ಬಂತು. ಆ ಮೂರು ನಿಮಿಷದ ಹನಿಯ ಸದ್ದನ್ನು ಅಲ್ಲಿಯ ಹುಡುಗಿಯೊಬ್ಬಳು ಎಷ್ಟು ಸಲ ಕೇಳಿದಳೋ. ಹನಿಗಳ ನಡುವಿನ ಅಂತರವನ್ನೂ ಎಣಿಸಿ ಬರೆದಿದ್ದಳು.

ಇರಾನಿನಲ್ಲಿ ನೆಲದಡಿಯಿಂದ ನೀರು ತರುವ ಕನಾತ್ ಬಗ್ಗೆ ಓದಿ ಹೇಳಿದ್ದೂ ಅವಳೇ. 2016ರಲ್ಲಿ ಅಂಥ ಹನ್ನೊಂದು ಕನಾತ್‌ಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಿಮ್ಮದೂ ಅದೇ ಅಲ್ಲವೇ ಎಂದು ಕೇಳಿದಳು. ಚಿತ್ರ ನೋಡಿದ ಅಜ್ಜ ತಲೆ ಅಲ್ಲಾಡಿಸಿದರು. ಅಲ್ಲಿ ಮೇಲಿನಿಂದ ಸಾಲಾಗಿ ಬಾವಿ ತೋಡಿ ಕೆಳಗೆ ಜೋಡಿಸುತ್ತಾರೆ, ಮೈಲುಗಟ್ಟಲೆ ಹೋಗುತ್ತದೆ. ಇಲ್ಲಿ ಗುಡ್ಡದ ಬದಿಯಿಂದ ನೇರ ಒಳಗೆ, ಮೇಲೆ ಬಾವಿಯ ಸಾಲು ಇಲ್ಲ. "ತಂಗಿ ಇರಬಹುದು, ಅದೇ ಅಲ್ಲ," ಅಂದರು.

ನವೆಂಬರ್ 9ರಂದು ಒಂದು ಸಣ್ಣ ಅನಾಹುತ. ಅಂದು ಅಜ್ಜ ಮೊದಲ ಸಲ ಕರೆಗೆ ಬರುವವರಿದ್ದರು. ಇಸ್ತ್ರಿ ಹಾಕಿದ ಶರ್ಟು, ಹೆಗಲಿಗೆ ಹೊಸ ಬೈರಾಸು. ಏಳೂವರೆ ಆಯಿತು, ಪರದೆಯಲ್ಲಿ ಯಾರೂ ಇಲ್ಲ. ಎಂಟಾಯಿತು. ಅಜ್ಜನನ್ನು ಕರೆದುಕೊಂಡು ಹೋಗಬೇಕಿದ್ದ ಜೀಪಿನವನಿಗೆ ಅವಸರ, ಕರೆದುಕೊಂಡು ಹೋದ. ಎಂಟೂವರೆಗೆ ಎಲ್ಲರೂ ನಗುತ್ತಾ ಕಾಣಿಸಿಕೊಂಡರು. ಅವರ ಲೆಕ್ಕದಲ್ಲಿ ಸರಿಯಾಗಿ ಹತ್ತು ಗಂಟೆ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮಗೆ ಅದು ಗೊತ್ತಿರಲಿಲ್ಲ. ನಮಗೆ ಗೊತ್ತಿರಲಿಕ್ಕಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ನನಗೆ ತುಂಬ ಬೇಸರವಾಯಿತು. ಅವರಿಗೂ ಆಯಿತು. ಮರುದಿನವೇ ಆರು ಜನರೂ ಅಜ್ಜನಿಗೆ ಒಂದೊಂದು ಧ್ವನಿ ಸಂದೇಶ ಕಳಿಸಿದರು, ಕನ್ನಡದಲ್ಲಿ ‘ತಪ್ಪಾಯ್ತು ಅಜ್ಜ’ ಅಂತ. ನಮ್ಮ ಬಾಲವೇದಿಯ ಹುಡುಗಿ ಹೇಳಿಕೊಟ್ಟಿದ್ದಳಂತೆ. ಅಜ್ಜ ಆ ಆರೂ ಸಂದೇಶಗಳನ್ನು ಮನೆಯವರಿಗೆಲ್ಲ ಕೇಳಿಸಿದರು.

ಲೆಕ್ಕದ ಪುಸ್ತಕದಿಂದ ನಿಜವಾಗಿ ಏನಾಯಿತು ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಆ ಹನಿ ಎಣಿಸಿದ ಹುಡುಗಿ ನವೆಂಬರ್ ಕೊನೆಗೆ ಕೇಳಿದಳು, "ಈ ಮನೆಯಲ್ಲಿ ದಿನಕ್ಕೆ 1,72,800 ಲೀಟರ್ ಬರುತ್ತದಾ?" ನೋಡಿದರೆ ಮಕ್ಕಳು ಐದು ನಿಮಿಷ ಎನ್ನುವುದನ್ನು ಸೆಕೆಂಡಿನ ಖಾನೆಯಲ್ಲಿ 5 ಎಂದು ತುಂಬಿದ್ದರು. ಸರಿಯಾದ ಲೆಕ್ಕ 2880 ಲೀಟರ್. ಅಲ್ಲಿಗೆ ಬಿಡಬಹುದಿತ್ತು. ಅವಳು ಬಿಡಲಿಲ್ಲ. ಅದೇ ಇಳಿಜಾರಿನ ಪಕ್ಕದ ಮನೆಯಲ್ಲಿ 50 ಸೆಕೆಂಡಿಗೆ ಬಕೆಟ್ ತುಂಬುತ್ತದೆ, ಇಲ್ಲಿ ಯಾಕೆ ಐದು ನಿಮಿಷ?

ಆ ಮನೆಯವರು ಬೋರ್‌ವೆಲ್ಲಿಗೆ ಮುಂಗಡ ಕೊಡುವವರಿದ್ದರು. ಒಳಗೆ ಹೋಗಿ ನೋಡಿದರೆ, ಸುಮಾರು ಹನ್ನೆರಡು ಕೋಲು ಹೋದ ಮೇಲೆ ಮೇಲಿನ ಮಣ್ಣು ಕುಸಿದು ಕಣಿ ಮುಚ್ಚಿತ್ತು. ನೀರು ಹಿಂದೆಯೇ ನಿಂತು ಬೇರೆಲ್ಲೋ ಇಂಗುತ್ತಿತ್ತು. ಈ ಕೆಲಸ ಗೊತ್ತಿರುವವರು ಈಗ ಸಿಗುವುದೇ ಕಷ್ಟ. ಬಾಯರಿನಿಂದ ಇಬ್ಬರನ್ನು ಕರೆಸಿದೆವು. ಅಜ್ಜ ಸುರಂಗದ ಬಾಯಲ್ಲಿ ಸ್ಟೂಲು ಹಾಕಿ ಕೂತರು. ಒಳಗಿನಿಂದ ಬರುವ ಪಿಕ್ಕಾಸಿನ ಸದ್ದು ಕೇಳಿಯೇ, "ಅಲ್ಲಿ ಬೇಡ, ಎಡಕ್ಕೆ ಹಿಡಿ," "ಈಗ ಗಟ್ಟಿ ಸಿಕ್ಕಿತು, ನಿಲ್ಲಿಸು," ಎನ್ನುತ್ತಿದ್ದರು. ನಾಲ್ಕು ದಿನ ಅಡಿಕೆ ಹಾಳೆಯಲ್ಲಿ ಮಣ್ಣು ಎಳೆದು ಹಾಕಿದರು. ಐದನೇ ದಿನ ಬಕೆಟ್ ಇಟ್ಟಾಗ 200 ಸೆಕೆಂಡು. ದಿನಕ್ಕೆ 4320 ಲೀಟರ್. ಆ ಮನೆಯವರಿಗೆ ಅಷ್ಟು ಸಾಕು. ಬೋರ್‌ವೆಲ್ ಕೈಬಿಟ್ಟರು.

ಡಿಸೆಂಬರ್ ಮೊದಲ ವಾರ ಅವರ ಕೋರ್ಸ್ ಮುಗಿಯಿತು. ಇಲ್ಲಿ ನನ್ನದೊಂದು ದೂರು ಇದೆ, ಹೇಳಲೇಬೇಕು. ಅವರ ಸೆಮಿಸ್ಟರ್ ಆಗಸ್ಟಿನಿಂದ ಡಿಸೆಂಬರ್. ನಮ್ಮ ನೀರಿನ ಕಷ್ಟ ಫೆಬ್ರವರಿಯಿಂದ ಮೇ. ನಿಜವಾದ ಅಳತೆ ಬೇಕಾದ ಹೊತ್ತಿಗೆ ಅವರಿಗೆ ಅಂಕ ಸಿಕ್ಕಿ ರಜೆ. ಊರಿನ ಕೆಲಸಕ್ಕೆ ಕಾಲೇಜಿನ ಕ್ಯಾಲೆಂಡರ್ ಸರಿಹೋಗುವುದಿಲ್ಲ. ಕೊನೆಗೆ ನಮಗೆ ಒಂದು ಮೌಲ್ಯಮಾಪನದ ಫಾರಂ ಬಂತು. ವಿದ್ಯಾರ್ಥಿಗಳ ಶಿಸ್ತು, ಸಮಯಪಾಲನೆ, ಕಲಿಕೆಗೆ ಒಂದರಿಂದ ಐದು ಅಂಕ ಕೊಡಬೇಕು. ಊರಿಗೆ ಏನಾಯಿತು ಎಂದು ಕೇಳುವ ಒಂದು ಪ್ರಶ್ನೆಯೂ ಅದರಲ್ಲಿ ಇರಲಿಲ್ಲ. ನಮ್ಮ ಮಕ್ಕಳು ಸುತ್ತಾಡಿದ ಗಂಟೆಗಳಿಗೆ, ಅಕ್ಕಂದಿರು ಮನೆ ಮನೆಗೆ ಹೋಗಿ ಒಪ್ಪಿಸಿದ್ದಕ್ಕೆ ಯಾವ ಖಾನೆಯೂ ಇಲ್ಲ. ಅವರಿಗೆ ಕಲಿಸಿದ್ದು ನಾವೂ ಅಲ್ವಾ?

ನಾನು ಫಾರಂ ತುಂಬಿ, ಕೆಳಗೆ ಮೂರು ಪ್ಯಾರಾ ಬರೆದು ಕಳಿಸಿದೆ. ಆ ಅಧ್ಯಾಪಿಕೆ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಜನವರಿಯಲ್ಲಿ ಶುರುವಾಗುವ ಇನ್ನೊಂದು ತಂಡವನ್ನು ನಮ್ಮ ಜೊತೆಗೇ ಜೋಡಿಸಿದರು. ಹಳೆಯ ತಂಡದವರೇ ಹೊಸಬರಿಗೆ ಕೋಲಿನ ಲೆಕ್ಕ ಹೇಳಿಕೊಟ್ಟರು. ಹೊಸ ಫಾರಂನಲ್ಲಿ ಊರಿನವರಿಗೆಂದೇ ಒಂದು ಪುಟ ಬಂತು. ಮಾರ್ಚಿನಲ್ಲಿ ಗಡಿಯಾರ ಮತ್ತೆ ಮುಂದಕ್ಕೆ ಹೋಗುವುದನ್ನು ಅವರೇ ಎರಡು ವಾರ ಮೊದಲು ತಿಳಿಸಿದರು.

2024ರ ಏಪ್ರಿಲಿನ ಸೆಕೆ ನೆನೆದರೆ ಈಗಲೂ ಬೆವರುತ್ತದೆ. 26ಕ್ಕೆ ಮತದಾನ, ಶಾಲೆಯೇ ಮತಗಟ್ಟೆ. ಅದಕ್ಕೆ ಮೊದಲೇ 31 ಮನೆಗಳ 43 ಸುರಂಗಗಳ ಅಳತೆ ಮುಗಿಸಿದೆವು. ಒಂಬತ್ತು ಪೂರ್ತಿ ಬತ್ತಿದ್ದವು. ಅಜ್ಜನ ಮನೆಯ ಸುರಂಗದಲ್ಲಿ ನವೆಂಬರಿನಲ್ಲಿ ಎರಡು ನಿಮಿಷಕ್ಕೆ ತುಂಬುತ್ತಿದ್ದ ಬಕೆಟಿಗೆ ಈಗ ಏಳು ನಿಮಿಷ. ಪುಸ್ತಕದ ಮೊದಲ ಪ್ರತಿ ಗ್ರಂಥಾಲಯದ ಮೇಜಿನ ಮೇಲಿದೆ. ಏಳನೇ ಖಾನೆಯಲ್ಲಿ ಹದಿನೇಳು ಜನರ ಹೆಸರಿದೆ. ಅವರಲ್ಲಿ ಬದುಕಿರುವವರು ನಾಲ್ಕು ಜನ.

ಏಪ್ರಿಲಿನ ಕೊನೆಯ ಕರೆಗೆ ಆ ಹುಡುಗಿಯೂ ಬಂದಿದ್ದಳು. ಅವಳ ಕೋರ್ಸ್ ಮುಗಿದು ನಾಲ್ಕು ತಿಂಗಳಾಗಿತ್ತು, ಅಂಕಕ್ಕಾಗಿ ಬಂದದ್ದಲ್ಲ. ಏಳು ನಿಮಿಷ ಅಂದಾಗ ಅವಳ ಮುಖ ಸಣ್ಣದಾಯಿತು. ಅಜ್ಜ ನನ್ನ ಕಡೆ ತಿರುಗಿ ತುಳುವಿನಲ್ಲಿ ಕೇಳಿದರು, "ಅವಳ ಮನೆಗೆ ನೀರು ಎಲ್ಲಿಂದ ಬರ್ತದೆ ಅಂತ ಕೇಳಿ."

ಕೇಳಿದೆ. ನಲ್ಲಿಯಿಂದ, ಅಂದಳು. ಅದರ ಹಿಂದೆ? ಅವಳಿಗೆ ಗೊತ್ತಿರಲಿಲ್ಲ. ಹುಡುಕಿ ಹೇಳುತ್ತೇನೆ ಅಂದಳು.

ಎರಡು ವಾರದ ಮೇಲೆ ನನ್ನ ಫೋನಿಗೆ ಒಂದು ಫೋಟೋ ಬಂತು. ಬೆಟ್ಟಗಳ ನಡುವೆ ದೊಡ್ಡ ಜಲಾಶಯ, ದಡದಲ್ಲಿ ಅವಳು. ಬಸ್ಸು ಹಿಡಿದು ಮೂರು ಗಂಟೆ ಪ್ರಯಾಣ ಮಾಡಿ ನೋಡಿ ಬಂದಿದ್ದಳು. ಅಲ್ಲಿಂದ ನೆಲದಡಿಯ ಸುರಂಗದಲ್ಲಿ ಅವಳ ನಗರಕ್ಕೆ ನೀರು ಬರುತ್ತದಂತೆ. ಫೋಟೋ ಹಿಡಿದು ಅಜ್ಜನ ಮನೆಗೆ ಹೋದೆ. ಕನ್ನಡಕ ಹಾಕಿ, ಫೋನನ್ನು ಕಣ್ಣಿನ ಹತ್ತಿರ ತಂದು ತುಂಬ ಹೊತ್ತು ನೋಡಿದರು.

"ಸುರಂಗ ಅಂದಳಾ?"

"ಹೌದು ಅಜ್ಜ."

"ತೋಡಿದ್ದು ಯಾರು ಅಂತ ಕೇಳಿ ಮಾಷ್ಟ್ರೇ."

ಅಲ್ಲೇ ಜಗಲಿಯಲ್ಲಿ ಕೂತು ಆ ಪ್ರಶ್ನೆಯನ್ನು ಬರೆದು ಕಳಿಸಿದೆ.